ಅಮ್ಮನ ಖಾತೆಗೆ ಬೀಳುವ ಸಂಭಾವನೆ

ನಮ್ಮ ಬಳಗದ ವಾರ್ಷಿಕ ಸಂಚಿಕೆಯ ಕರಡು ತಿದ್ದುವ ಹೊಣೆಯನ್ನು ಈ ಸಲ ಅಮೆರಿಕದಲ್ಲಿರುವ ತರುಣಿಯೊಬ್ಬರಿಗೆ ವಹಿಸಬೇಕೆಂದುಕೊಂಡೆವು. ಪುಣೆಯಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕಲಿತ ಕನ್ನಡವನ್ನು ಓದಿನಿಂದ ಹದಗೊಳಿಸಿಕೊಂಡವರು. ಮದುವೆಗೆ ಮೊದಲು ಪ್ರಕಾಶನ ಸಂಸ್ಥೆಯೊಂದರಲ್ಲಿ ದುಡಿದವರು. ನಾವು ಕೊಡಬಹುದಾಗಿದ್ದ ಗೌರವಧನ ಅಲ್ಪ. ಆದರೂ ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬಾರದೆಂಬ ನಿಯಮವನ್ನು ಬಳಗ ಪಾಲಿಸಿಕೊಂಡು ಬಂದಿದೆ. ಅವರು ನಯವಾಗಿ ನಿರಾಕರಿಸಿದರು: ‘ಇಲ್ಲಿ ನನಗೆ ದುಡಿಯುವ ಅನುಮತಿ ಇಲ್ಲ.’ ನಾವು ಕ್ಷಣವೂ ಯೋಚಿಸದೆ, ‘ಹಾಗಾದರೆ ನಿಮ್ಮ ತಾಯಿಯವರ ಖಾತೆಗೆ ಹಾಕಿಬಿಡೋಣ’ ಎಂದೆವು. ಆ ಕಡೆಯಿಂದ ಬಂದದ್ದು ಒಂದೇ ಮಾತು: ‘ನೀವೂ ಅದನ್ನೇ ಹೇಳುತ್ತೀರಾ?’

ಆ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ನಮ್ಮ ಕನ್ನಡ ಮನೆಗಳಲ್ಲಿ ಇಂಥ ಮಗಳೋ ಸೊಸೆಯೋ ಇಲ್ಲದ ಮನೆ ಈಗ ಅಪರೂಪ. ಹಾಗಾಗಿ ಇದು ನಮ್ಮ ಬಳಗದೊಳಗಷ್ಟೇ ಮುಗಿಯುವ ವಿಷಯವಲ್ಲ.

ಅವರಿರುವುದು ಎಚ್-4 ವೀಸಾದಲ್ಲಿ, ಎಂದರೆ ಎಚ್-1ಬಿ ವೀಸಾದಲ್ಲಿ ಉದ್ಯೋಗಕ್ಕೆ ಹೋದ ಗಂಡನ ಅವಲಂಬಿತೆಯಾಗಿ. ಈ ವೀಸಾದವರು ಅಲ್ಲಿ ಓದಬಹುದು, ಬ್ಯಾಂಕ್ ಖಾತೆ ತೆರೆಯಬಹುದು, ಷೇರುಗಳಲ್ಲಿ ಹಣ ತೊಡಗಿಸಿ ಲಾಭಾಂಶ ಪಡೆಯಬಹುದು, ತವರಿನಲ್ಲಿರುವ ಮನೆಯ ಬಾಡಿಗೆಯನ್ನೂ ಪಡೆಯಬಹುದು. ದುಡಿಯುವಂತಿಲ್ಲ, ಅಷ್ಟೆ. ಹಣ ದುಡಿದರೆ ತಪ್ಪಿಲ್ಲ, ಮನುಷ್ಯ ದುಡಿದರೆ ತಪ್ಪು! 2015ರ ಮೇ 26ರಿಂದ ಈ ನಿಯಮಕ್ಕೊಂದು ಕಿಟಕಿ ತೆರೆಯಿತು. ಗಂಡನ ಹಸಿರು ಕಾರ್ಡಿನ ದಾರಿಯಲ್ಲಿ ಐ-140 ಎಂಬ ಮನವಿಗೆ ಒಪ್ಪಿಗೆ ಸಿಕ್ಕಿದ್ದರೆ, ಅಥವಾ ಆ ಪ್ರಕ್ರಿಯೆಯ ಕಾರಣದಿಂದಲೇ ಅವನ ಎಚ್-1ಬಿ ಆರು ವರ್ಷಗಳಾಚೆಗೆ ವಿಸ್ತರಣೆಗೊಂಡಿದ್ದರೆ, ಹೆಂಡತಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಆ ಮೆಟ್ಟಿಲನ್ನು ಇನ್ನೂ ತಲುಪದವರು ಕಾಯಬೇಕು.

ತಲುಪಿದವರೂ ನೆಮ್ಮದಿಯಿಂದಿಲ್ಲ. ಆ ನಿಯಮವನ್ನೇ ರದ್ದುಪಡಿಸಬೇಕೆಂಬ ವ್ಯಾಜ್ಯ ಅದು ಜಾರಿಗೆ ಬಂದ ವರ್ಷದಿಂದಲೇ ನಡೆಯಿತು. 2025ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ ಮೇಲಷ್ಟೇ ನಿಟ್ಟುಸಿರು ಬಿಡುವಂತಾಯಿತು. ಅದೇ ತಿಂಗಳ 30ರಿಂದ ಸಲ್ಲಿಸುವ ನವೀಕರಣದ ಅರ್ಜಿಗಳಿಗೆ ಪರವಾನಗಿ ತಾನಾಗಿಯೇ ಮುಂದುವರಿಯುವ ಸೌಲಭ್ಯ ತಪ್ಪಿಹೋಯಿತು. ಹಸಿರು ಕಾರ್ಡಿನ ಸಾಲಂತೂ ನಿಂತಲ್ಲೇ ನಿಂತಿದೆ. 1990ರ ಕಾಯಿದೆಯ ಪ್ರಕಾರ ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ವೀಸಾಗಳು. ಒಂದು ದೇಶದವರಿಗೆ ಶೇಕಡಾ 7ರ ಮಿತಿ. ಭಾರತಕ್ಕೂ ಐಸ್‌ಲೆಂಡಿಗೂ ಅದೇ ಅಳತೆಗೋಲು. ಇಪ್ಪತ್ತೈದರ ಹರೆಯದಲ್ಲಿ ಈ ಸಾಲಿನಲ್ಲಿ ನಿಂತ ಹೆಣ್ಣುಮಗಳು ನಡುವಯಸ್ಸಿನಲ್ಲಿಯೂ ಅಲ್ಲಿಯೇ ನಿಂತಿರಬಹುದು.

ಕೈಯಲ್ಲಿ ವಿದ್ಯೆ, ಮೇಜಿನ ಮೇಲೆ ಲ್ಯಾಪ್‌ಟಾಪ್, ಎದುರಿಗೆ ದೀರ್ಘವಾದ ಹಗಲು ಇರುವಾಗ ಅಂತರ್ಜಾಲದ ದುಡಿಮೆ ಕೈಬೀಸಿ ಕರೆಯುವುದು ಸಹಜ. ಅನುವಾದ, ಮನೆಪಾಠ, ವಿನ್ಯಾಸ, ಅಡುಗೆಯ ವಿಡಿಯೊ, ಯಾವುದಾದರೂ ಸರಿ. ಅದರೊಡನೆ ನಮ್ಮವರ ಉಪದೇಶಗಳೂ ಬರುತ್ತವೆ. ‘ಕಂಪನಿ ಭಾರತದ್ದು, ಹಣ ರೂಪಾಯಿಯಲ್ಲಿ, ಅಮೆರಿಕಕ್ಕೇನು ಸಂಬಂಧ?’ ಎಂಬುದು ಮೊದಲನೆಯದು. ಆದರೆ ಹಣ ಎಲ್ಲಿಂದ ಬಂತು ಎಂಬುದಕ್ಕಿಂತ, ದುಡಿಯುವ ವ್ಯಕ್ತಿ ಎಲ್ಲಿ ಕುಳಿತಿದ್ದಾಳೆ ಎಂಬುದನ್ನೇ ಅಲ್ಲಿನ ವಲಸೆ ವಕೀಲರು ಸಾಮಾನ್ಯವಾಗಿ ಮುಖ್ಯವೆಂದು ಹಿಡಿಯುತ್ತಾರೆ. ‘ತೆರಿಗೆ ಕಟ್ಟಿದರೆ ಸಕ್ರಮವಾಗುತ್ತದೆ’ ಎಂಬುದು ಎರಡನೆಯದು. ತೆರಿಗೆಯ ಇಲಾಖೆ ತೆರಿಗೆಯನ್ನು ಸ್ವೀಕರಿಸುತ್ತದೆ; ದುಡಿಯುವ ಅನುಮತಿ ಕೊಡುವುದು ಅದರ ಕೆಲಸವಲ್ಲ. ‘ಸಂಬಳವಿಲ್ಲದೆ ಮಾಡು’ ಎಂಬುದು ಮೂರನೆಯದು. ಸಾಮಾನ್ಯವಾಗಿ ಕೂಲಿ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆ ಮಾಡಿದ ಮಾತ್ರಕ್ಕೆ ಅದು ಸೇವೆಯೆನಿಸುವುದಿಲ್ಲ. ನಾಲ್ಕನೆಯದು ನಾವೇ ಹೇಳಿದ್ದು: ಅಮ್ಮನ ಖಾತೆ.

ಈ ನಾಲ್ಕನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಮೊದಲಿನ ಮೂರರಲ್ಲಿ ತಿಳಿವಳಿಕೆಯ ಕೊರತೆಯಿದೆ. ಇದರಲ್ಲಿ ಮುಚ್ಚಿಡುವ ಉದ್ದೇಶವಿದೆ. ಹಸಿರು ಕಾರ್ಡಿನ ಕೊನೆಯ ಅರ್ಜಿಯಲ್ಲಿ, ಅನುಮತಿಯಿಲ್ಲದೆ ಎಂದಾದರೂ ಕೆಲಸ ಮಾಡಿದ್ದೀರಾ ಎಂದು ನೇರವಾಗಿ ಕೇಳುತ್ತಾರೆ. ಉದ್ಯೋಗದ ಆಧಾರದಲ್ಲಿ ಅರ್ಜಿ ಹಾಕುವವರ ವಿಷಯದಲ್ಲಿ, ಒಟ್ಟು 180 ದಿನಗಳನ್ನು ಮೀರದ ಇಂಥ ಲೋಪವನ್ನು ಮನ್ನಿಸುವ ಅವಕಾಶ ಕಾನೂನಿನಲ್ಲಿಯೇ ಇದೆ. ಸುಳ್ಳು ಉತ್ತರದ ಪರಿಣಾಮ ಬೇರೆಯದೇ; ಅದು ಶಾಶ್ವತವಾಗಿ ಬಾಗಿಲು ಮುಚ್ಚಿಸಬಲ್ಲದು. ಕೆಲವು ಸಾವಿರ ರೂಪಾಯಿಗಳ ಗೌರವಧನಕ್ಕಾಗಿ ನಾವು ಆ ಹೆಣ್ಣುಮಗಳ ಮುಂದಿಟ್ಟದ್ದು ಇಂಥ ಅಪಾಯವನ್ನು. ಅದನ್ನು ಉಪಕಾರವೆಂದು ಭಾವಿಸಿದ್ದೆವು.

ಹಾಗೆಂದು ಆ ನಿಯಮವೇ ನ್ಯಾಯವೆಂದು ಒಪ್ಪಲೂ ನಮ್ಮಿಂದಾಗದು. ಅನುಮತಿಯಿಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ಶಿಕ್ಷಾರ್ಹವಾಗಿಸಿದ ಅಮೆರಿಕದ ಕಾಯಿದೆ 1986ರದು. ಅಂದು ಕೆಲಸವೆಂದರೆ ಹೊಲ, ಕಾರ್ಖಾನೆ, ಕಚೇರಿ. ದುಡಿಯುವ ದೇಹವೂ ದುಡಿಮೆಯ ಫಲವೂ ಒಂದೇ ಊರಿನಲ್ಲಿರುತ್ತಿದ್ದವು. ಹೊರಗಿನವನೊಬ್ಬ ಬಂದರೆ ಸ್ಥಳೀಯನೊಬ್ಬನ ಕೆಲಸ ಹೋದೀತೆಂಬ ಅಂಜಿಕೆಗೆ ಅರ್ಥವಿತ್ತು. ಪುಣೆಯ ಸಂಚಿಕೆಯ ಕನ್ನಡ ಕರಡನ್ನು ಟೆಕ್ಸಾಸಿನ ಅಡುಗೆಮನೆಯಲ್ಲಿ ತಿದ್ದಿದರೆ ಯಾವ ಅಮೆರಿಕನ್ನನ ಅನ್ನ ಹೋಗುತ್ತದೆ? ಈ ವ್ಯತ್ಯಾಸವನ್ನು ಬೇರೆ ದೇಶಗಳು ಗುರುತಿಸತೊಡಗಿವೆ. ಕೆನಡಾ ತನ್ನಲ್ಲಿಗೆ ಬಂದ ಸಂದರ್ಶಕರು ಹೊರದೇಶದ ಮಾಲೀಕರಿಗಾಗಿ ದೂರದಿಂದಲೇ ದುಡಿಯುವುದಕ್ಕೆ ಅಡ್ಡಿಮಾಡುವುದಿಲ್ಲ. ಬ್ರಿಟನ್ 2024ರ ಜನವರಿ 31ರಿಂದ, ಪ್ರವಾಸದ ಮುಖ್ಯ ಉದ್ದೇಶ ಅದಾಗಿರಬಾರದೆಂಬ ಷರತ್ತಿನೊಡನೆ, ಇದಕ್ಕೆ ಒಪ್ಪಿದೆ. ನ್ಯೂಜಿಲೆಂಡ್ 2025ರ ಜನವರಿ 27ರಿಂದ ಒಪ್ಪಿದೆ. ಕೆಲವು ವಾರಗಳಿಗೆಂದು ಬಂದ ಪ್ರವಾಸಿಗೆ ಆ ದೇಶಗಳು ಕೊಡುವ ವಿಶ್ವಾಸವನ್ನು, ವರ್ಷಗಟ್ಟಲೆ ಕಾನೂನುಬದ್ಧವಾಗಿ ನೆಲೆಸಿ ತೆರಿಗೆ ಕಟ್ಟುವ ಕುಟುಂಬದ ಹೆಣ್ಣುಮಗಳಿಗೆ ಕೊಡಲು ಅಮೆರಿಕಕ್ಕೆ ಏನು ತೊಂದರೆ?

ನಮ್ಮಲ್ಲಿ ಅನೇಕರು ಕರಾವಳಿಯಿಂದ ಮುಂಬಯಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು. ಆ ಹಿರಿಯರು ಬಂದ ಮರುದಿನವೇ ಹೊಟೇಲಿನ ಅಡುಗೆಮನೆ ಹೊಕ್ಕರು. ಹಗಲು ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಬಡತನವಿತ್ತು, ಅವಮಾನವಿತ್ತು; ದುಡಿಯಲು ಯಾರ ಪರವಾನಗಿಯೂ ಬೇಕಿರಲಿಲ್ಲ. ಪರವೂರಿನಲ್ಲಿ ದುಡಿಮೆಯೇ ಅವರಿಗೊಂದು ಹೆಸರು ಕೊಟ್ಟಿತು. ಕಾಯಕವೆಂಬ ಪದಕ್ಕೆ ಇಷ್ಟು ಎತ್ತರದ ಅರ್ಥವನ್ನು ಕೊಟ್ಟ ಭಾಷೆಯವರು ನಾವು. ದುಡಿಮೆಯಿಲ್ಲದೆ ಕುಳಿತವಳ ನಷ್ಟವನ್ನು ಬರಿಯ ವರಮಾನದ ಲೆಕ್ಕದಲ್ಲಿ ಅಳೆಯಲಾಗದೆಂಬುದು ನಮಗೆ ತಿಳಿದಿರಬೇಕು. ‘ಗಂಡ ಚೆನ್ನಾಗಿ ದುಡಿಯುತ್ತಾನಲ್ಲ, ಅವಳಿಗೇನು ಕೊರತೆ’ ಎನ್ನುವ ನಮ್ಮ ಮಾತೂ ಆ ವೀಸಾದ ನಿಯಮದ ಮಾತೂ ಬೇರೆ ಬೇರೆಯಲ್ಲ. ಎರಡೂ ಅವಳನ್ನು ಅವಲಂಬಿತೆ ಎಂದೇ ಕರೆಯುತ್ತವೆ.

ಅಲ್ಲಿನ ಕಾಯಿದೆಯನ್ನು ತಿದ್ದುವ ಶಕ್ತಿ ನಮಗಿಲ್ಲ. ನಮ್ಮ ನಾಲಗೆಯನ್ನು ತಿದ್ದಿಕೊಳ್ಳಬಹುದು. ಕಾಯುತ್ತಿರುವವರಿಗೆ ಅಡ್ಡದಾರಿಯ ಉಪದೇಶ ಮಾಡದಿರೋಣ. ಬಲ್ಲ ವಕೀಲರನ್ನು ಕೇಳೆಂದು ಹೇಳೋಣ. ಮಗಳನ್ನು ಕಳುಹಿಸುವ ಮುನ್ನ ವರನ ಸಂಬಳವನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ, ಅವಳು ಅಲ್ಲಿ ದುಡಿಯಬಲ್ಲಳೇ, ಎಂದಿನಿಂದ ಎಂಬುದನ್ನೂ ವಿಚಾರಿಸೋಣ. ಆ ಪ್ರಶ್ನೆಯನ್ನು ನಿಶ್ಚಿತಾರ್ಥಕ್ಕೆ ಮೊದಲೇ ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಈ ಸಲದ ಕರಡನ್ನು ನಾವೇ ಹಂಚಿಕೊಂಡು ತಿದ್ದಿದೆವು. ಅಚ್ಚಾದ ಸಂಚಿಕೆಯ ಪ್ರತಿಯೊಂದನ್ನು ಅವರಿಗೆ ಅಂಚೆಯಲ್ಲಿ ಕಳುಹಿಸಿದೆವು. ವಾರದ ನಂತರ ಅವರಿಂದ ಸಂದೇಶ ಬಂತು: ‘ಸಂಚಿಕೆ ತಲುಪಿತು. ಸಂತೋಷ. ಹದಿನೇಳು ಅಚ್ಚಿನ ತಪ್ಪುಗಳಿವೆ.’ ಯಾವ ಪುಟದಲ್ಲೆಂದು ಅವರು ಬರೆದಿರಲಿಲ್ಲ. ನಾವೂ ಕೇಳಲಿಲ್ಲ.