ಲ್ಯಾಪ್‌ಟಾಪ್ ಶಾಲೆ ಬೀರುವಿಗಲ್ಲ, ಮಕ್ಕಳ ಕೈಗೆ



"ಕೇರಿ ಮಕ್ಕಳಿಗೆ ಲ್ಯಾಪ್‌ಟಾಪ್ ಯಾಕೆ? ಮನೆಗೆ ಕೊಟ್ರೆ ಹಾಳು ಮಾಡ್ತಾರೆ" ಅನ್ನೋರಿಗೆ ಈ ಮಾತು. ನಾವು ಮುಟ್ಟಿದ್ರೆ ಹಾಳು ಅನ್ನೋದು ನಮಗೆ ಹೊಸದಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದಾಗಲೂ ಶುದ್ಧಿ ಮಾಡಿದ್ರು.

2020ರಲ್ಲಿ ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಎಷ್ಟೋ ಕೂಲಿ ಮನೆಗಳಲ್ಲಿ ಇದ್ದ ಒಂದೇ ಫೋನು ಅಪ್ಪನ ಜೇಬಲ್ಲಿ ಕೆಲಸಕ್ಕೆ ಹೋಗ್ತಿತ್ತು. ಮಗು ಏನು ನೋಡಿ ಕಲೀಬೇಕಿತ್ತು?

ಅಗ್ಗ ಅಂದ್ರೆ ಕಳಪೆ ಅಲ್ಲ. 2011ರಲ್ಲಿ ಕೇಂದ್ರ ತಂದ 'ಆಕಾಶ್' ಟ್ಯಾಬ್ಲೆಟ್ ಅಗ್ಗವೇನೋ ಆಗಿತ್ತು, ಆದ್ರೆ ನಿಧಾನ, ಬೇಗ ಮೂಲೆ ಸೇರ್ತು. ನಮಗೆ ಬೇಕಿರೋದು ಕೀಲಿಮಣೆ ಇರೋ ಗಟ್ಟಿ ಯಂತ್ರ. ಪಠ್ಯಪುಸ್ತಕ ಒಳಗೇ ಇರಬೇಕು, ನೆಟ್ ಇಲ್ಲದೆ ತೆರೀಬೇಕು, ಕೆಟ್ರೆ ತಾಲ್ಲೂಕಲ್ಲೇ ರಿಪೇರಿ ಆಗಬೇಕು. ಹಗಲು ಶಾಲೆಯಲ್ಲಿ, ರಾತ್ರಿ ಮನೆಯಲ್ಲಿ.

ದುಡ್ಡೆಲ್ಲಿ ಅಂತೀರಾ? 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಓದಿ. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ಅಲ್ಲಿದೆ. 2023-24ರಲ್ಲಿ ಅದೇ ಹಣದಿಂದ 11 ಸಾವಿರ ಕೋಟಿ ಗ್ಯಾರಂಟಿಗಳಿಗೆ ಕೊಟ್ರಲ್ಲ, ಮಕ್ಕಳಿಗೆ ಮಾತ್ರ ಇಲ್ವಾ?

ಚಿತ್ರದುರ್ಗ ಲೋಕಸಭೆ, ಹೊಳಲ್ಕೆರೆ ವಿಧಾನಸಭೆ ಎರಡೂ ಮೀಸಲು ಕ್ಷೇತ್ರ. ನಮ್ಮ ಹೆಸರಲ್ಲಿ ಗೆದ್ದವರು ಬಾಯಿ ಬಿಡಲಿ. ನಮ್ಮ ಗುಡ್ಡಗಳ ಗಾಳಿಯಿಂದ ಊರೂರಿಗೆ ಕರೆಂಟು ಹೋಗುತ್ತೆ. ಆ ಬೆಳಕಲ್ಲಿ ನಮ್ಮ ಮಕ್ಕಳೂ ಓದಲಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳಿ, ನಡಾವಳಿಯಲ್ಲಿ ಬರೆಸಿ.

ಜೈ ಭೀಮ್.