ಬಿಳಿ ಅಡುಗೆಕಟ್ಟೆ ಬೇಡ ಕಣ್ರೋ

1/5
ಮೊದಲನೇ ಫೋಟೊ ನೋಡಿ. ಉಯ್ಯಂಬಳ್ಳೀಲಿ ನಾವು ಕಟ್ಟಿಸ್ತಿರೋ ಮನೆಯ ಅಡುಗೆಮನೆ. ಗೋಡೆ ಎದ್ದಿದೆ, ಕಿಟಕಿ ಕೂತಿದೆ, ಅಡುಗೆಕಟ್ಟೆ ಮಾತ್ರ ಇನ್ನೂ ಬರೀ ಇಟ್ಟಿಗೆ. ಎರಡು ವಾರದಿಂದ ಮನೇಲಿ ಇದೇ ಜಗಳ. ರೀಲ್ಸಲ್ಲಿ ಬರುತ್ತಲ್ಲ, ಹಾಲಿನ ಹಂಗೆ ಬೆಳ್ಳಗಿದ್ದು ನಡುವೆ ಬೂದು ಗೆರೆ ಓಡಿರೋ ಕ್ವಾರ್ಟ್ಜ್, ಅಣ್ಣನಿಗೆ ಅದೇ ಬೇಕಂತೆ. "ಗ್ರಾನೈಟ್ ಹಾಕ್ಸಿದ್ರೆ ಹಳ್ಳಿ ಮನೆ ಥರ ಕಾಣುತ್ತೆ" ಅಂದ. ಹಳ್ಳೀಲಿ ಕಟ್ಟಿದ ಮನೆ ಇನ್ನೇನು ಲಂಡನ್ ಥರ ಕಾಣಬೇಕಿತ್ತಾ?

ಅಣ್ಣನ್ನ ಬಿಡಿ, ನೀವೂ ಕಮ್ಮಿ ಇಲ್ಲ. ಸ್ಟೋರೀಲಿ ಪೋಲ್ ಹಾಕಿದ್ರೆ ನಮ್ಮ ಕ್ಲಾಸಿನ ಮುಕ್ಕಾಲು ಜನ ಒತ್ತಿದ್ದು ಬಿಳೀನೇ. ಅದಕ್ಕೇ ಈ ಉದ್ದದ ಕ್ಯಾಪ್ಷನ್. ಬೈಕೊಂಡಾದ್ರೂ ಓದಿ.

2/5
ಅಂಗಡೀಲಿ "ಕ್ವಾರ್ಟ್ಜ್ ಅಂದ್ರೆ ನ್ಯಾಚುರಲ್ ಸ್ಟೋನ್ ಸರ್" ಅಂದ್ರು. ಅರ್ಧ ನಿಜ. ಪುಡಿ ಮಾಡಿದ ಬೆಣಚು ಕಲ್ಲು ತೂಕದಲ್ಲಿ ಸುಮಾರು 90 ಭಾಗ. ಉಳಿದದ್ದು ಅದನ್ನ ಅಂಟಿಸೋ ರಾಳ ಮತ್ತು ಬಣ್ಣ. ರಾಳ ಅಂದ್ರೆ ಪ್ಲಾಸ್ಟಿಕ್ ಜಾತಿ. 150 ಡಿಗ್ರಿ ದಾಟಿದ್ರೆ ಅದಕ್ಕೆ ಕಷ್ಟ: ಹಳದಿಯಾಗುತ್ತೆ, ಒಮ್ಮೊಮ್ಮೆ ಬಿರುಕೂ ಬಿಡುತ್ತೆ. ರೊಟ್ಟಿ ಹೆಂಚು 200 ಡಿಗ್ರಿ ಆರಾಮಾಗಿ ದಾಟುತ್ತೆ. ನಮ್ಮಮ್ಮ ರೊಟ್ಟಿ ಬೇಯಿಸಿ ಹೆಂಚನ್ನ ಎಲ್ಲಿ ಇಳಿಸ್ತಾರೆ? ಕಟ್ಟೆ ಮೇಲೆ. ಕೆಳಗೆ ಮಣೆ ಇಡಮ್ಮಾ ಅಂತ ದಿನಾ ಹೇಳೋಕೆ ಅಣ್ಣ ಮನೇಲಿರ್ತಾನಾ?

ಕವೆಗೋಲಲ್ಲಿ ಪಾತ್ರೆ ಒತ್ತಿ ಹಿಡ್ಕೊಂಡು ಮುದ್ದೆ ತಿರುವೋದನ್ನ ನೋಡಿದ್ದೀರಲ್ಲ? ಆ ಏಟೆಲ್ಲ ಬೀಳೋದು ಈ ಕಟ್ಟೆಗೇ. ರೀಲ್ಸಿನ ಅಡುಗೆಮನೇಲಿ ಯಾರಾದ್ರೂ ಮುದ್ದೆ ತಿರುವಿದ್ದು ನೋಡಿದ್ದೀರಾ? ಅಲ್ಲಿ ಒಂದು ನಿಂಬೆಹಣ್ಣು, ಒಂದು ಹೂದಾನಿ. ಅರಿಶಿನದ ಡಬ್ಬಿ ಸಹ ಇಲ್ಲ. ಬಿಳಿ ಕಟ್ಟೆ ಮೇಲೆ ಅರಿಶಿನ ಒಂದು ರಾತ್ರಿ ಕೂತರೆ ಗೊತ್ತಾಗುತ್ತೆ.

3/5
ಈಗ ನಮ್ಮ ಕಲ್ಲು. ಗ್ರಾನೈಟು ನೆಲದಾಳದಲ್ಲಿ ಸುಮಾರು 700 ಡಿಗ್ರಿ ಬಿಸೀಲಿ ಹೆಪ್ಪುಗಟ್ಟಿದ್ದು. ಅದಕ್ಕೆ ನಿಮ್ಮ ಹೆಂಚು ಯಾವ ಲೆಕ್ಕ? ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಅದರಿಂದಾನೇ ಇಲ್ಲಿನ ಬಂಡೆಗೆ ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಅಂತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಸಾತನೂರಿನಾಚೆ ಕಬ್ಬಾಳು ಬೆಟ್ಟಕ್ಕೆ ಹೋಗಿ ಅಮ್ಮನ ದರ್ಶನ ಮಾಡಿ ಸೆಲ್ಫಿ ತಗೊಂಡು ಬರ್ತೀರಲ್ಲ? ಆ ಬೆಟ್ಟದ ಕ್ವಾರಿಯಲ್ಲಿ ಬೂದು ಬಣ್ಣದ ಬಂಡೆ ಕಪ್ಪು ಹಸಿರಿನ ಚಾರ್ನೊಕೈಟ್ ಆಗಿ ಬದಲಾಗ್ತಿರೋ ಗುರುತು ಕಂಡು ನಮ್ಮ ಮೈಸೂರಿನ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ 'ನೇಚರ್' ಪತ್ರಿಕೇಲಿ ಬರೆದ್ರು. ಕಬ್ಬಾಳು ಪ್ರಪಂಚದ ಭೂವಿಜ್ಞಾನಿಗಳಿಗೆಲ್ಲ ಗೊತ್ತು. ನಮಗೆ ಮಾತ್ರ 'ಹಳ್ಳಿ ಥರ'.

ಹಾಗಂತ ಗ್ರಾನೈಟೇ ದೇವರು ಅಂತಿಲ್ಲ. ಎಣ್ಣೆ ಕುಡಿಯುತ್ತೆ, ತಿಳಿ ಬಣ್ಣದ್ದಾದ್ರೆ ಸೀಲರ್ ಬಳೀಬೇಕು. ಸಿಂಕಿಗೆ ಕೊರೆದ ಜಾಗದಲ್ಲಿ ಕಲ್ಲು ಸಣ್ಣಗಾಗಿರುತ್ತೆ, ಸೀಳೋದು ಅಲ್ಲೇ. ಆದ್ರೂ ಅಮೃತಶಿಲೆಗಿಂತ, ಕಡಪ ಕಲ್ಲಿಗಿಂತ ಎಷ್ಟೋ ವಾಸಿ. ಅವೆರಡೂ ಸುಣ್ಣದ ಜಾತಿ, ಹುಣಸೆಹುಳಿ ಬಿದ್ದಲ್ಲೆಲ್ಲ ಹೊಳಪು ಹೋಗುತ್ತೆ. ಅಜ್ಜಿ ಮನೇಲಿ ಕಡಪ ಇದೆ. ಹುಳಿ ಪಾತ್ರೆ ಇಟ್ಟ ಉಂಗುರಗಳು ಇವತ್ತಿಗೂ ಎಣಿಸಬಹುದು.

4/5
ಇದನ್ನ ಓದದೆ ಸ್ವೈಪ್ ಮಾಡಬೇಡಿ. ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನ ಸೈಟುಗಳಲ್ಲಿ ಕಲ್ಲು ಕೊಯ್ಯೋ ಕೆಲಸ ಮಾಡ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ಹುಬ್ಬಲ್ಲೂ ಬಿಳಿ ಧೂಳು. ಮುಖಕ್ಕೆ ಏನು ಕಟ್ಕೋತೀಯ ಅಂದ್ರೆ ಟವೆಲ್ ತೋರಿಸ್ದ. ರಾತ್ರಿಯೆಲ್ಲ ಕೆಮ್ಮಿದ. "ಧೂಳಿಂದ, ಎರಡು ದಿನ ಇದ್ರೆ ಸರಿಹೋಗುತ್ತೆ" ಅಂತಾನೆ.

ಸರಿಹೋಗದೇ ಇರೋ ಧೂಳೂ ಉಂಟು. ಸಿಲಿಕಾ ಧೂಳು ಶ್ವಾಸಕೋಶದೊಳಗೆ ಕೂತು ಗಾಯ ಮಾಡುತ್ತೆ, ಆ ಗಾಯ ಗಟ್ಟಿಯಾಗುತ್ತೆ. ಅದೇ ಸಿಲಿಕೋಸಿಸ್. ವಾಸಿ ಮಾಡೋ ಔಷಧಿ ಇಲ್ಲ. ಗ್ರಾನೈಟಲ್ಲೂ ಸಿಲಿಕಾ ಇದೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅದರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಮ್ಮಿ, ಕ್ವಾರ್ಟ್ಜ್ ಹಲಗೆಯಲ್ಲಿ 90 ಭಾಗ. ಇಪ್ಪತ್ತು, ಮೂವತ್ತರ ವಯಸ್ಸಿನ ಕೆಲಸಗಾರರು ಶ್ವಾಸಕೋಶ ಕಳ್ಕೊಂಡಿದ್ದು ನೋಡಿ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಹಲಗೆಯನ್ನೇ ನಿಷೇಧಿಸಿತು. ಅವರೇ ಬಿಟ್ಟಿದ್ದನ್ನ ನಾವು 'ಫಾರಿನ್ ಲುಕ್' ಅಂತ ಜಾಸ್ತಿ ದುಡ್ಡು ಕೊಟ್ಟು ತರ್ತಿದ್ದೀವಿ!

"ನಾನು ತಗೊಳ್ಳದಿದ್ರೆ ಇನ್ನೊಬ್ಬ ತಗೋತಾನೆ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ತಗೊಳ್ಳಲಿ. ನಮ್ಮನೆ ಕಟ್ಟೆಗೋಸ್ಕರ ನನ್ನ ತಮ್ಮ ಆ ಧೂಳು ಕುಡಿಯೋದು ಬೇಡ.

5/5
ಗ್ರಾನೈಟ್ ಆರಿಸೋಕೆ ಹೋಗೋರು ಜೇಬಲ್ಲಿ ಒಂದು ನಿಂಬೆಹಣ್ಣು, ಉಗುರುಬಣ್ಣ ಅಳಿಸೋ ಅಸಿಟೋನು, ಬಿಳಿ ಬಟ್ಟೆ ಇಟ್ಕೊಳ್ಳಿ. ಚೂರು ಕೇಳಿ ಮನೆಗೆ ತಂದು ನಿಂಬೆರಸ ಹಾಕಿ ರಾತ್ರಿಯಿಡೀ ಬಿಡಿ. ಮಂಕಾದ್ರೆ ಅದು ಗ್ರಾನೈಟಲ್ಲ. ಕಡುಗಪ್ಪು ಕಲ್ಲನ್ನ ಅಸಿಟೋನಲ್ಲಿ ಉಜ್ಜಿ, ಬಟ್ಟೆಗೆ ಕಪ್ಪು ಹತ್ತಿದ್ರೆ ಬಣ್ಣ ಬಳಿದಿದ್ದಾರೆ ಅಂತ. ನಾವು ನೋಡಿದ ಮೂರರಲ್ಲಿ ಒಂದಕ್ಕೆ ಹತ್ತಿತು, ಅಂಗಡಿಯವರ ಮುಖ ಬಟ್ಟೆಗಿಂತ ಬೇಗ ಕಪ್ಪಾಯ್ತು 😄 ನೀರು ಹನಿಸಿ ಹತ್ತು ನಿಮಿಷ ಕಾಯಿರಿ, ಜಾಗ ಕಪ್ಪಗಾದ್ರೆ ಸೀಲರ್ ಬೇಕು. ದಪ್ಪ 20 ಮಿಲಿಮೀಟರ್ ಇರಲಿ, ಟೇಪ್ ಹಿಡಿದು ಅಳೀರಿ.

ಕೊನೇ ಫೋಟೊದಲ್ಲಿರೋದು ನಾವು ಒಪ್ಪಿದ ಕಲ್ಲು: ಕೆಂಪು, ಬೂದು, ಕಪ್ಪು ಅಲೆ ಅಲೆಯಾಗಿದೆ, ವ್ಯಾಪಾರದಲ್ಲಿ ಇದಕ್ಕೆ 'ಕನಕಪುರ ಮಲ್ಟಿ' ಅಂತಾರೆ. ಅಣ್ಣ ಇನ್ನೂ ಮುಖ ಊದಿಸ್ಕೊಂಡಿದ್ದಾನೆ. ಅಮ್ಮ ಕಲ್ಲಿನ ಮೇಲೆ ಅಂಗೈಯಾಡಿಸಿ "ಜಿಡ್ಡು ಕಾಣಲ್ಲ, ಇದೇ ಇರಲಿ" ಅಂದ್ರು. ಶನಿವಾರ ಕೊಯ್ಯೋದು ತಮ್ಮನೇ. ಒಣಗೊಣಗಲೇ ಕೊಯ್ಯೋಕೆ ಬಿಡಲ್ಲ ಅಂತ ಹೇಳಿದ್ದೀನಿ. ಬ್ಲೇಡಿಗೆ ನೀರು ಬಿಡೋಕೆ ಪೈಪ್ ಎಳೆದಾಗಿದೆ, ಮಾಸ್ಕೂ ತಂದಿಟ್ಟಿದ್ದೀನಿ. ಅಂಗಳ ಕೆಸರಾಗುತ್ತೆ ಅಂತ ಅಪ್ಪ ಗೊಣಗ್ತಿದ್ದಾರೆ.

#ಉಯ್ಯಂಬಳ್ಳಿ #ಕನಕಪುರ #ಅಡುಗೆಕಟ್ಟೆ #ನಮ್ಮಕಲ್ಲು