ಜುಲೈ ದರ ನೋಡಿ ನಾಟಿ, ಸೆಪ್ಟೆಂಬರಿಗೆ ರಸ್ತೆಬದಿಗೆ: ಸಪ್ಲೈ ಚೈನ್ ಕಲಿಸಲು ಮಂಡಿಗಿಂತ ಲ್ಯಾಬ್ ಬೇಕೇ?

ಕೋಲಾರ: 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ಯಾರೂ ಮರೆತಿಲ್ಲ. ತೋಟಕ್ಕೆ ರಾತ್ರಿ ಕಾವಲು ಕೂತವರೂ ಇದ್ದರು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ದರ ನೆಲ ಕಚ್ಚಿತು. ಬಿಡಿಸಿದ ಕೂಲಿಯೂ ಗಿಟ್ಟದೆ ಹಣ್ಣು ರಸ್ತೆಬದಿ ಸೇರಿತು.

ಎರಡೇ ತಿಂಗಳಲ್ಲಿ ತಿನ್ನೋರ ಬಾಯಿ ಬದಲಾಗಿರಲಿಲ್ಲ. ರೋಗ, ಮಳೆಯಿಂದ ಆವಕ ಕಡಿಮೆಯಾಗಿ ದರ ಏರಿತ್ತು. ಆ ದರ ನೋಡಿ ಎಲ್ಲರೂ ಒಟ್ಟಿಗೆ ನಾಟಿ ಮಾಡಿದರು. ಟೊಮೆಟೊ ನಾಟಿಯಿಂದ ಕೊಯ್ಲಿಗೆ ಎರಡು, ಎರಡೂವರೆ ತಿಂಗಳು ಬೇಕು. ಆಮೇಲೆ ಎಲ್ಲರ ಮಾಲೂ ಒಟ್ಟಿಗೆ ಬಂತು.

ಮ್ಯಾನೇಜ್‌ಮೆಂಟ್ ಓದುವ ಹುಡುಗರಿಗೆ ಇದೇ ಸಂಗತಿಯನ್ನು ಆಟ ಆಡಿಸಿ ಕಲಿಸುತ್ತಾರೆ. ಅಮೆರಿಕದ ಎಂಐಟಿಯಲ್ಲಿ ಜೇ ಫಾರೆಸ್ಟರ್ ಅವರ ಕಾಲದಲ್ಲಿ ಹುಟ್ಟಿದ ಈ ಆಟದ ಹೆಸರು ಬಿಯರ್ ಗೇಮ್. ಹೆಸರು ಕೇಳಿ ಹೆದರಬೇಕಿಲ್ಲ, ಕುಡಿಯೋಕೆ ಏನೂ ಕೊಡಲ್ಲ. ಮೇಜಿನ ಸುತ್ತ ನಾಲ್ಕು ಪಾತ್ರ: ಚಿಲ್ಲರೆ ಅಂಗಡಿಯವರು, ಹೋಲ್‌ಸೇಲ್‌ನವರು, ಡಿಸ್ಟ್ರಿಬ್ಯೂಟರ್, ಕಾರ್ಖಾನೆ. ಗಿರಾಕಿಗೆ ಏನು ಬೇಕು ಅನ್ನೋದು ಚಿಲ್ಲರೆ ಅಂಗಡಿಗೆ ಮಾತ್ರ ಗೊತ್ತು. ಉಳಿದವರಿಗೆ ಕಾಣೋದು ಕೆಳಗಿನಿಂದ ಬರುವ ಆರ್ಡರ್ ಚೀಟಿ ಅಷ್ಟೇ. ಮಾಲು ಉಳಿದರೆ ವಾರಕ್ಕೆ ಪೆಟ್ಟಿಗೆಗೆ ಅರ್ಧ ಡಾಲರ್ ಖರ್ಚು, ಕೊಡೋಕೆ ಮಾಲಿಲ್ಲದಿದ್ದರೆ ಒಂದು ಡಾಲರ್. ಮೊದಲ ನಾಲ್ಕು ವಾರ ಗಿರಾಕಿ 4 ಪೆಟ್ಟಿಗೆ ಕೇಳುತ್ತಾನೆ, ಐದನೇ ವಾರದಿಂದ 8. ಬದಲಾವಣೆ ಅದೊಂದೇ. ಆದರೂ ಗಾಬರಿಯಾಗಿ ಒಬ್ಬೊಬ್ಬರೂ ಹೆಚ್ಚು ಹೆಚ್ಚು ಆರ್ಡರ್ ಹಾಕಿ, ಕೊನೆಗೆ ಗೋದಾಮು ತುಂಬಿಕೊಂಡು ಕೂರುತ್ತಾರೆ. ಬುದ್ಧಿವಂತರೇ ಆಡಿದರೂ ಹೀಗೇ ಆಗೋದು.

ಬಿಯರ್ ಜಾಗದಲ್ಲಿ ಟೊಮೆಟೊ ಇಟ್ಟರೆ ಉಳಿದ ಮಾಲು ಗೋದಾಮಿನಲ್ಲಿ ಕೂರಲ್ಲ, ಕೊಳೆಯುತ್ತೆ. ಅದಕ್ಕೆ ಹಾಕಿದ ಗೊಬ್ಬರ, ಡೀಸೆಲ್, ಬೋರ್‌ವೆಲ್ ನೀರು ಎಲ್ಲವೂ ಅದರ ಜತೆಗೇ ಹೋಯಿತು. ಸುಸ್ಥಿರತೆ ಅನ್ನೋ ದೊಡ್ಡ ಪದಕ್ಕೆ ಈ ಜಿಲ್ಲೆಯಲ್ಲಿ ಅರ್ಥ ಇಷ್ಟೇ.

ಇನ್ನೊಂದು ಆಟ ಫಿಶ್‌ಬ್ಯಾಂಕ್ಸ್. 1972ರಲ್ಲಿ ಬಂದ 'ದಿ ಲಿಮಿಟ್ಸ್ ಟು ಗ್ರೋತ್' ಪುಸ್ತಕದ ಲೇಖಕರಲ್ಲಿ ಒಬ್ಬರಾದ ಡೆನಿಸ್ ಮೆಡೋಸ್ ರೂಪಿಸಿದ್ದು. ಸಮುದ್ರ ಎಲ್ಲರದ್ದು, ದೋಣಿ ಅವರವರದ್ದು. ಲಾಭ ಬಂದಂತೆ ದೋಣಿ ಹೆಚ್ಚಿಸುತ್ತಾ ಹೋದರೆ ಒಂದು ದಿನ ಮೀನೇ ಇರಲ್ಲ. ಮೀನಿನ ಜಾಗದಲ್ಲಿ ಅಂತರ್ಜಲ, ದೋಣಿ ಜಾಗದಲ್ಲಿ ಬೋರ್‌ವೆಲ್ ಇಟ್ಟರೆ ಕೋಲಾರದವರಿಗೆ ನಿಯಮ ವಿವರಿಸುವ ಕೆಲಸವೇ ಇಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿರೋದೂ ಆ ಆಟದ ಮುಂದಿನ ಸುತ್ತೇ.

ಈಗ ಪದವಿ ತರಗತಿಗಳಿಗೂ ಲಾಜಿಸ್ಟಿಕ್ಸ್, ಸಪ್ಲೈ ಚೈನ್ ವಿಷಯ ಬಂದಿದೆ. ಪದವಿ ಜತೆಗೇ ಅಪ್ರೆಂಟಿಸ್‌ಶಿಪ್ ಇರಲಿ ಎಂದು ಯುಜಿಸಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಒಳ್ಳೇದೇ. ತಿಂಗಳಿಗೆ ಕೈಗೆ ಸ್ಟೈಪೆಂಡ್ ಬಂದರೆ ಬಡ ಮನೆಯ ಮಕ್ಕಳು ಓದು ಬಿಡಲ್ಲ, ಅದನ್ನು ಹಗುರವಾಗಿ ನೋಡಬಾರದು. ಪ್ರಶ್ನೆ ಇರೋದು ಆ ದಿನಗಳಲ್ಲಿ ಅವರು ಏನು ಕಲಿಯುತ್ತಾರೆ ಅನ್ನೋದರಲ್ಲಿ. ಹೊಸಕೋಟೆ, ಮಾಲೂರು, ನರಸಾಪುರ ಕಡೆ ಗೋದಾಮು, ಕಾರ್ಖಾನೆಗಳಿಗೆ ಕೊರತೆಯಿಲ್ಲ. ಅಲ್ಲಿ ಆರು ತಿಂಗಳು ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಕೈಗೆ ಕೆಲಸ ಸಿಕ್ಕಿತು, ನಿಜ. ಆದರೆ ಸರಪಳಿಯ ಒಂದು ಕೊಂಡಿ ಬಿಟ್ಟು ಬೇರೇನೂ ಕಂಡಂತಾಗಲ್ಲ. ನಷ್ಟ ಹುಟ್ಟೋದು ಕೊಂಡಿಗಳ ನಡುವೆ.

ಅದನ್ನು ನೋಡೋಕೆ ಒಂದು ಬಾಕ್ಸ್ ಸಾಕು. ತೋಟದಲ್ಲಿ ತೂಗಿ, ಮಂಡಿಯಲ್ಲಿ ತೂಗಿ, ಲಾರಿಯಿಂದ ಇಳಿದಾಗ ತೂಗಿ, ಕೊನೆಗೆ ಅಂಗಡಿಯ ಟ್ರೇನಲ್ಲಿ ಸಂಜೆ ಉಳಿದದ್ದನ್ನೂ ತೂಗಬೇಕು. ಎಲ್ಲಿ ಎಷ್ಟು ಕೆಜಿ ಹೋಯಿತು, ಯಾಕೆ? ಬಾಕ್ಸ್ ಮೇಲೆ ಬಾಕ್ಸ್ ಒತ್ತಿ ಜಜ್ಜಿತೋ, ಬಿಸಿಲಲ್ಲಿ ಲಾರಿ ನಿಂತಿತೋ, ಅಂಗಡಿಯವರೇ ಅಂದಾಜು ತಪ್ಪಿ ಜಾಸ್ತಿ ತಂದರೋ? ಇದಕ್ಕೆ ತಕ್ಕಡಿ, ನೋಟ್‌ಬುಕ್, ಮುಂಜಾನೆ ಏಳುವ ಅಭ್ಯಾಸ ಬೇಕು. ಸಾಫ್ಟ್‌ವೇರ್ ಆಮೇಲೆ.

ಅಂಗಡಿಯವರಿಗೆ ಇದರಿಂದ ಏನು ಸಿಗುತ್ತೆ? ತಂದದ್ದು, ಮಾರಿದ್ದು, ಬಿಸಾಡಿದ್ದು ಅಂತ ಮೂರು ಕಾಲಂ ನಾಲ್ಕು ವಾರ ಬರೆದರೆ ಯಾವ ದಿನ ಎಷ್ಟು ತರಬೇಕು ಅನ್ನೋ ಲೆಕ್ಕ ಹೊಳೆಯುತ್ತೆ. ಬಿಸಾಡಿದ್ದನ್ನು ಬರೆದಿಡುವ ಅಂಗಡಿಗಳು ಕಡಿಮೆ. ಪ್ಲಾಸ್ಟಿಕ್ ಕೈಚೀಲದ ವಿಷಯವೂ ಹೀಗೇ. ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ, ಏಕಬಳಕೆ ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ. ದಾಳಿ ಆದಾಗ ದಂಡ ಕಟ್ಟೋರು ಕೌಂಟರ್‌ನಲ್ಲಿ ಕೂತವರು. ಆ ಚೀಲ ಎಲ್ಲಿಂದ ಯಾರ ಕೈ ದಾಟಿ ಬಂತು ಅಂತ ಹಿಂದಕ್ಕೆ ಹೋಗಿ ನೋಡೋದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಯಾವುದಿದೆ?

ಅಡ್ಡಿಗಳೂ ಇವೆ. ಗೊತ್ತಿಲ್ಲದ ಹುಡುಗರ ಮುಂದೆ ಯಾವ ವ್ಯಾಪಾರಿಯೂ ಲೆಕ್ಕದ ಪುಸ್ತಕ ಬಿಚ್ಚಲ್ಲ. ನಾಳೆ ಅದು ಜಿಎಸ್‌ಟಿ ಕಚೇರಿಗೆ ಹೋದರೆ ಅನ್ನೋ ಭಯ. ದುಡ್ಡು ಕೇಳದೆ ಕೆಜಿ ಮಾತ್ರ ಕೇಳಿದರೆ, ಅಂಗಡಿ ಹೆಸರು ಬರೆಯಲ್ಲ ಅಂತ ಕಾಲೇಜು ಮೊದಲೇ ಮಾತು ಕೊಟ್ಟರೆ ಅರ್ಧ ಭಯ ಹೋಗುತ್ತೆ. ಇನ್ನರ್ಧಕ್ಕೆ ಮದ್ದು ಒಂದೇ: ವರದಿ ಮಾಡಿದವರು ವಾಪಸ್ ಬಂದು ಅಂಗಡಿಯವರಿಗೆ, ರೈತರಿಗೆ ಕನ್ನಡದಲ್ಲಿ ಓದಿ ಹೇಳಬೇಕು, ಅಂಕ ಅದಕ್ಕೂ ಇರಬೇಕು. ಸ್ಪೈರಲ್ ಬೈಂಡಿಂಗ್ ಆಗಿ ಬೀರು ಸೇರುವ ವರದಿಯಿಂದ ಮಂಡಿಯವರಿಗೇನು?

ಮಂಡಿ ತುಂಬಿ ತುಳುಕೋದು ಜೂನ್‌ನಿಂದ ಸೆಪ್ಟೆಂಬರ್ ತನಕ. ಪರೀಕ್ಷೆ, ದಾಖಲಾತಿ ಗಡಿಬಿಡಿ ಮುಗಿದು ಪ್ರಾಜೆಕ್ಟ್ ಶುರುವಾಗುವಷ್ಟರಲ್ಲಿ ಸೀಸನ್ ಇಳಿದಿರುತ್ತೆ. ಟೊಮೆಟೊ ಅಂತೂ ಸೆಮಿಸ್ಟರ್ ನೋಡಿಕೊಂಡು ಹಣ್ಣಾಗಲ್ಲ, ವೇಳಾಪಟ್ಟಿ ಬದಲಾಗಬೇಕಿರೋದು ಕಾಲೇಜಿನದ್ದು.